ಐತೇನು? ಐತಿ

ಬ್ಯಾಡಗಿ ಪ್ಯಾಟಿ ನೆಟ್ಟಿಗೆ ಜಡ್ಡು ಬಂದು ನಾಕು ದಿನ.
ಸತ್ತಿದ್ರ ಛಲೋ ಇತ್ತು, ಒಮ್ಮೆ ಅತ್ತು ಮುಗಸ್ತಿದ್ವಿ.
ಇದು ಬರೂದು, ಹೋಗೂದು, ಮತ್ತ ಬರೂದು.
ಕಡ್ಡಿ ಮೆಣಸಿನಕಾಯಿಗೆ ದಲಾಲರು ಒತ್ತಿದ ರೇಟು
ಅರ್ಧ ಹಾದ್ಯಾಗ ಎಲ್ಲೋ ಉದುರಿ
ಟೆಂಡರ್ ಪರದೆ ಮ್ಯಾಲ ಬರೇ ಸೊನ್ನಿ.

ಹಾವೇರಿಯಿಂದ ಹೊಂಟು, ಮೋಟೆಬೆನ್ನೂರಾಗ ಬಸ್ಸು ಬದಲಿಸಿ,
ಗೇಟು ದಾಟೂದ್ರಾಗ ಹನ್ನೊಂದು ಸಲ ಸೀನಿದ್ದೆ.
ಘಾಟು ಯಾರ ಮುಲಾಜೂ ನೋಡೂದಿಲ್ಲ.

ಆಫೀಸಿನ ಮಷೀನು ನನ್ನ ಡಿಪ್ಲೊಮಾಕಿಂತ ಹಳೇದು.
ಹಾದಿ ಎಣಸೂ ಟೂಲು ಅದರಾಗ ಇಲ್ಲ,
ಇಳಿಸ್ಕೋಬೇಕಂದ್ರ ನೆಟ್ಟ ಬೇಕು.
ಹಗ್ಗ ತರಾಕ ಮೊದಲ ಬಾವ್ಯಾಗ ಇಳಿ ಅಂದಂಗ.

ಚೀಲದಾಗಿನ ಪೆನ್‌ಡ್ರೈವಿನ್ಯಾಗ ಮೂಲ ಇತ್ತು,
ಬರೇ ಬರಹ, ಇನ್ನೂ ಕುಟ್ಟದ ಕಾಯಿ.
ಕಾರಕೂನ ಗುರುಶಾಂತಯ್ಯ ಕೇಳಿದ್ರು,
"ರೆಡಿ ಪ್ಯಾಕೆಟ್ ಸಿಗೂದಿಲ್ಲೇನ್ರಿ?"
"ಬ್ಯಾಡಗಿಯವ್ರಾಗಿ ನೀವ ಇದನ್ನ ಕೇಳ್ತೀರಲ್ರಿ,
ಪ್ಯಾಕೆಟ್ಟಿನ ಖಾರದಾಗ ಏನೇನು ಕೂಡಸ್ತಾರ ಗೊತ್ತಿಲ್ಲೇನು?"
ಅವರು ನಕ್ಕು, ಚಷ್ಮಾ ಒರಸಿ, ಕುರ್ಚಿ ಬಿಟ್ಟುಕೊಟ್ರು.

ಗಂಟು ಬಿಚ್ಚಿ ಕಾನ್ಫಿಗರ್ ಅಂದೆ.
ಹೆಣ್ಣು ನೋಡಾಕ ಬಂದ ಹಿರೇ ಅತ್ತಿಯಂಗ ಶುರು ಹಚಗೊಂತು:
ಕಂಪೈಲರ್ ಐತೇನು? ಐತಿ.
ಅದು ನಡೀತೈತೇನು? ನಡೀತೈತಿ.
ಸಾಕೆಟ್ ಐತೇನು? ಐತಿ.
ಗಣಿತದ ಲೈಬ್ರರಿ ಐತೇನು? ಐತಿ.
ಪರದೆ ಮ್ಯಾಲ ಚಿತ್ತಾರ ಬರಿಯೂ ಲೈಬ್ರರಿ?
ಇಲ್ಲ.
ಅಷ್ಟಕ್ಕ ಮಾತು ಮುರದು
ಚಾ ಸುದ್ದಾ ಕುಡೀಲಾರದ ಎದ್ದು ಹೋತು.

ಇಲ್ಲದ್ದನ್ನ ಬಿಟ್ಟು ಮಾಡು ಅಂತ ಇನ್ನೊಮ್ಮೆ ಬೇಡಿದೆ.
ಚಿತ್ತಾರ ಬ್ಯಾಡ, ಬಣ್ಣ ಬ್ಯಾಡ, ಬರೇ ಸಾಲು ಕೊಡು.
ಒಪ್ಪಿತು.
ಮೇಕ್ ಅಂದಕೂಡಲೆ ಮಷೀನಿನ ಪಂಖಾ
ಈ ಸೀಜನ್ನಿನ ಕೆಂಪು ಧೂಳೆಲ್ಲಾ ನನ್ನ ಮಾರಿಗೆ ಉಗುಳಿತು.
ಎಚ್ಚರಿಕೆ ಎಚ್ಚರಿಕೆ ಅಂತ ಹದಿನೇಳು ಸಾಲು ಬಂದ್ವು, ಓದಲಿಲ್ಲ.
ಕೂಡ್ರಸಾಕ ಮಾಲಕನ ಪಾಸ್‌ವರ್ಡ್ ಬೇಕಂತು.
ಗುರುಶಾಂತಯ್ಯ ಆಚೀಚೆ ನೋಡಿ ಸಣ್ಣ ದನಿಲೆ ಹೇಳಿದ್ರು:
ಅವರ ಮೊದಲ ಎಮ್ಮಿ ಹೆಸರು, ಮುಂದ ಅದು ಈದ ಇಸವಿ.

ಆಮ್ಯಾಲ ಸಾಲು ಬಂದ್ವು.
ಒಂದನೇ ಸ್ಟಾಪು, ನಮ್ಮ ಮೇಜಿನ ರೂಟರ್. ನಷ್ಟ ಸೊನ್ನಿ.
ಎರಡನೇದು, ನಾಕನೇ ಶೆಡ್ಡಿನ ಆಚಿಂದು. ನೂರಕ್ಕ ನಲವತ್ತು.
ಮುಂದ ಹುಬ್ಬಳ್ಳಿ, ಅದರ ಮುಂದ ಹೆಸರು ಹೇಳದ ಊರುಗಳು,
ಎಲ್ಲಾ ಕಡೆ ಅದ ನಲವತ್ತು.
ನಾಕು ದಿನದಿಂದ ಬೈಸಿಕೊಂಡ ಹುಬ್ಬಳ್ಳಿ
ಪಾಪ, ಏನೂ ಮಾಡಿರಲಿಲ್ಲ.

ನೋಡಕೋತ ಕುಂತೆ. ನಷ್ಟಕ್ಕೂ ಒಂದು ತಾಳ ಇತ್ತು.
ಬಂತು, ಬಂತು, ಬರಲಿಲ್ಲ.
ಬಂತು, ಬಂತು, ಬರಲಿಲ್ಲ.
ಮಷೀನು ಹಿಂಗ ಕೆಡೂದಿಲ್ಲ.

ನಾಕನೇ ಶೆಡ್ಡಿನ್ಯಾಗ ಟ್ಯೂಬ್‌ಲೈಟಿನ ಕೆಳಗ
ಮೂಗಿಗೆ ಸೆರಗು ಕಟಗೊಂಡು ತೊಟ್ಟು ಬಿಡಸೂ ಹೆಣ್ಮಕ್ಕಳು.
ಘಾಟು ತಟ್ಟದ ಹಿಂದಿನ ಕಟ್ಟೀಮ್ಯಾಲ, ಗಾಳಿಗೆ,
ಕೇಬಲ್ಲಿನ ಪೈಪಿಗೆ ಹಸಿರು ಸೀರಿ ಜೋಲಿ,
ಅದರಾಗ ಹಜರತಬಿಯ ಏಳು ತಿಂಗಳ ಕೂಸು.
ತೂಗಿದ್ರ ಪೈಪು ಬಗ್ಗತಿತ್ತು, ಒಳಗ ಕೊಂಡಿ ಬಿಡತಿತ್ತು.
ಆಕಿ ಇಲ್ಲಿ ಕೆಲಸಕ್ಕ ಬಂದು ನಾಕು ದಿನ.

"ಬಿಚ್ಚಲೇನ್ರೀ ಅಕ್ಕಾರ?" ಗಾಬರ್ಯಾಗಿ ಎದ್ಲು.
"ಈಗರ ಮಲಗೈತಿ, ಇರ್ಲಿ."
ಕೇಬಲ್ಲ ಸರಸಿದೆ. ಹಮಾಲ ದ್ಯಾಮಣ್ಣ ನಿಚ್ಚಣಕಿ ಹಿಡದ.
ಎಂಟು ಬಣ್ಣದ ತಂತಿ ಸಾಲಾಗಿ ಹಿಡದು ಹೊಸ ಕೊಂಡಿ ಒತ್ತೂದ್ರಾಗ
ಎರಡು ಸಲ ಸೀನು ಬಂದು ಸಾಲು ತಪ್ಪಿತು.
ಮೂರನೇದಕ್ಕ ಹತ್ತಿತು.
ಜೋಲಿ ತೂಗಸಿ, ಓಡಿ ಹೋಗಿ ಪರದೆ ನೋಡಿದೆ.
ಬಂತು, ಬಂತು, ಬಂತು.

ವರದ್ಯಾಗ ಕಾರಣ ಅಂತ ಒಂದು ಖಾನೆ,
"ಕೊಂಡಿ ಸಡ್ಲ" ಅಂತ ಅಷ್ಟ ಬರದೆ.

ಕಡೀ ಬಸ್ಸಿನ್ಯಾಗ ಮರತು ಕಣ್ಣು ಉಜ್ಜಿಕೊಂಡೆ,
ಮೋಟೆಬೆನ್ನೂರ ತನಕ ಅತ್ತೆ.
ಕಂಡಕ್ಟರ್ ಏನ ತಿಳಕೊಂಡನೋ,
ಆಧಾರ್ ಕಾರ್ಡ್ ಕೇಳಲಾರದ
ಸೊನ್ನಿ ಟಿಕೆಟ್ ಹರದು ಕೈಯಾಗಿಟ್ಟ.